ನಿಮಗಿದು ಗೊತ್ತೇ? ಹನ್ನೆರಡಕ್ಕೇ ನಿಂತ ಡಿಸ್ಕ್ ಚೆಕ್!

ಚಿಕ್ಕೇರೂರಿನಲ್ಲಿ ಸಂತೆ ದಿನ. ಡಿಟಿಪಿ ಅಂಗಡಿಯ ಮುಂದೆ ಪಾಳಿ. ಒಳಗೊಂದು ಹಳೇ ಕಂಪ್ಯೂಟರ್, ಅದರಲ್ಲಿ ವಿಂಡೋಸ್ ಎಕ್ಸ್‌ಪಿ, ಮೇಜಿನ ಅರ್ಧ ನುಂಗಿದ ದಪ್ಪ ಮಾನಿಟರ್. ಮಷಿನ್ ಯಾಕೋ ಮಂದ ಆಗಿದೆ ಅಂತ ಅಂಗಡಿ ಹುಡುಗ ಡಿಸ್ಕ್ ಚೆಕ್ ಹಾಕಿದ್ದಾನೆ. ಹಾಕೋವಾಗ ಎರಡು ಚೌಕ ಕಾಣುತ್ತವಲ್ಲ, ಎರಡಕ್ಕೂ ಟಿಕ್! ಈಗ ನೀಲಿ ತೆರೆ, ಬಿಳಿ ಅಕ್ಷರ, 4ನೇ ಹಂತ, 12 ಪರ್ಸೆಂಟ್.

"ಇನ್ನ ಎಷ್ಟೊತ್ತೋ ತಮ್ಮಾ?" ಮಗಳ ಲಗ್ನಪತ್ರಿಕೆ ಒಯ್ಯಲು ಬಂದ ಹಿರಿಯರ ಪ್ರಶ್ನೆ. "ಹನ್ನೆರಡಕ್ಕ ನಿಂತೈತ್ರಿ ಕಾಕಾ. ಮುಂದ ಹೋಗವಲ್ದು."

ಬೆಂಚಿನ ಮೇಲೆ ಕೂತಿದ್ದ ನನಗೆ ಆಗಲೇ ಈ ಅಂಕಣದ ಸರಕು ಸಿಕ್ಕಿತು!

ಆ 12 ಪರ್ಸೆಂಟ್ ಇಡೀ ಕೆಲಸದ 12 ಪರ್ಸೆಂಟ್ ಅಲ್ಲ, ಗೊತ್ತೇ? ಪೂರ್ತಿ ತಪಾಸಣೆ ಅಂದರೆ ಎಕ್ಸ್‌ಪಿಯ ಚೆಕ್‌ಡಿಸ್ಕ್‌ಗೆ 5 ಹಂತ. ಮೊದಲು ಕಡತಗಳ ಪಟ್ಟಿ. ಆಮೇಲೆ ಫೋಲ್ಡರ್‌ಗಳ ಸೂಚಿ. ಆಮೇಲೆ ಯಾವ ಕಡತ ಯಾರು ತೆರೆಯಬಹುದು ಅನ್ನೋ ಲೆಕ್ಕ. ನಾಲ್ಕನೆಯದು ಕಡತಗಳ ಒಳಗಿನ ಮಾಲು. ಐದನೆಯದು ಖಾಲಿ ಜಾಗ. ಪ್ರತಿ ಹಂತಕ್ಕೂ ಎಣಿಕೆ ಸೊನ್ನೆಯಿಂದ ನೂರು. ನೂರು ಮುಟ್ಟಿದ್ದು ದಪ್ಪಂತ ಸೊನ್ನೆಗೆ ಬಿದ್ದರೆ ಕೆಟ್ಟಿಲ್ಲ, ಮುಂದಿನ ಕೋಣೆಗೆ ಹೋಗಿದೆ ಅಂತ. ಅದನ್ನು ತಿಳಿಯದೆ ಪ್ಲಗ್ ಕಿತ್ತವರು ಎಷ್ಟು ಜನವೋ!

ಹೌದು, ಖಾಲಿ ಜಾಗವನ್ನೂ ಅದು ಬಿಡೋದಿಲ್ಲ! ಏನೂ ಬರೆಯದ ಮೂಲೆಯನ್ನೂ ಇಂಚಿಂಚು ಓದುತ್ತದೆ. ಎರಡನೇ ಚೌಕಕ್ಕೆ ಟಿಕ್ ಹಾಕಿದ್ದರ ಫಲ ಇದು. ಹಾಕದಿದ್ದರೆ ಮೂರೇ ಹಂತಕ್ಕೆ ಮುಗಿಯುತ್ತಿತ್ತು.

ಹಾಗಾದರೆ ಒಂದೇ ಅಂಕಿಗೆ ಅಂಟಿಕೊಂಡು ನಿಲ್ಲೋದು ಯಾಕೆ? ಡಿಸ್ಕಿನ ಮೇಲಿನ ಜಾಗವನ್ನು ಸೆಕ್ಟರ್ ಅನ್ನೋ ಸಣ್ಣ ಸಣ್ಣ ತುಂಡುಗಳಾಗಿ ಹಂಚಿರುತ್ತಾರೆ. ಹಳೇ ಡಿಸ್ಕುಗಳಲ್ಲಿ ಒಂದು ತುಂಡು ಅಂದರೆ 512 ಬೈಟ್. ಎಷ್ಟು ಚಿಕ್ಕದು ಅಂತೀರಾ? ಯುನಿಕೋಡ್ (ಯುಟಿಎಫ್-8) ಕನ್ನಡದಲ್ಲಿ 'ಚಿಕ್ಕೇರೂರು' ಅಂತ ಬರೆಯಲು 30 ಬೈಟ್ ಬೇಕು. ಒಂದು ಸೆಕ್ಟರ್‌ನಲ್ಲಿ ಊರ ಹೆಸರನ್ನು 17 ಸಲ ಬರೆಯಬಹುದು, 2 ಬೈಟ್ ಉಳಿಯುತ್ತದೆ! ಅಷ್ಟೇ ಜಾಗ. ಆ ತುಂಡು ಸವೆದು ಓದಲು ಬಾರದಿದ್ದರೆ ಡಿಸ್ಕ್ ಸೋಲೊಪ್ಪೋದಿಲ್ಲ. ಮತ್ತೆ ಓದುತ್ತದೆ, ಮತ್ತೆ ಓದುತ್ತದೆ, ಹೆಡ್ಡನ್ನು ತುಸು ಆಚೀಚೆ ಸರಿಸಿ ಇನ್ನೊಮ್ಮೆ ಓದುತ್ತದೆ. ಒಂದೊಂದಕ್ಕೆ 30 ಸೆಕೆಂಡು ಹಿಡಿಯಿತು ಅಂತಿಟ್ಟುಕೊಳ್ಳಿ. ಸಾವಿರ ತುಂಡು ಕೆಟ್ಟಿದ್ದರೆ 8 ಗಂಟೆ 20 ನಿಮಿಷ ಅಲ್ಲೇ ಹೋಯಿತು! ಒಂದು 40 ಜಿಬಿ ಡಿಸ್ಕಿನಲ್ಲಿ ಇಂಥ ತುಂಡುಗಳು 7 ಕೋಟಿ 80 ಲಕ್ಷಕ್ಕೂ ಮಿಕ್ಕಿ. ಅದರಲ್ಲಿ ಸಾವಿರ ಯಾವ ಲೆಕ್ಕ, ಹೇಳಿ!

ಕಿವಿಗೊಟ್ಟು ಕೇಳಿದ್ದೀರಾ? ಅಂಕಿ ನಿಂತಿದ್ದರೂ ಒಳಗೆ ಕರ್ ಕರ್ ಸದ್ದು ಇದ್ದರೆ, ಮುಂದಿನ ಕೆಂಪು ದೀಪ ಮಿಣುಕುತ್ತಿದ್ದರೆ ಕೆಲಸ ನಡೆದಿದೆ. ಟಕ್, ಟಕ್, ಟಕ್ ಅಂತ ಒಂದೇ ತಾಳ ಬಂತೋ, ಹುಷಾರು! ಆಗ ಚೆಕ್ ಮಾಡೋದಲ್ಲ, ಮೊದಲು ಬೇಕಾದ ಕಡತಗಳನ್ನು ಬೇರೆ ಕಡೆ ನಕಲು ಮಾಡಬೇಕು. ಸಾಯೋ ಡಿಸ್ಕಿಗೆ ಪೂರ್ತಿ ತಪಾಸಣೆ ಅಂದರೆ ಜ್ವರ ಬಂದವನನ್ನು ಓಟದ ಪಂದ್ಯಕ್ಕೆ ನಿಲ್ಲಿಸಿದ ಹಾಗೆ.

ಇನ್ನೂ ಹಳೇ ಕಾಲಕ್ಕೆ ಬನ್ನಿ. ವಿಂಡೋಸ್ 95, 98ರಲ್ಲಿ ಇದೇ ಕೆಲಸ ಮಾಡುತ್ತಿದ್ದ ಸ್ಕ್ಯಾನ್‌ಡಿಸ್ಕ್ ಮುಗಿಯದೇ ಇರೋದಕ್ಕೆ ಕಾರಣ ಕೇಳಿದರೆ ನೀವು ನಗುತ್ತೀರಿ. ತೆರೆ ಮೇಲೆ ಈಜಾಡೋ ಮೀನು!

ಹೌದು, ಸ್ಕ್ರೀನ್‌ಸೇವರ್! ಪಂಕ್ತಿಯಲ್ಲಿ ಊಟಕ್ಕೆ ಕೂತವರನ್ನು ಎಣಿಸಿದ್ದೀರಾ? ಎಣಿಸುತ್ತಾ ಅರ್ಧಕ್ಕೆ ಬರೋ ಹೊತ್ತಿಗೆ ಇಬ್ಬರು ಎದ್ದರು, ನಾಲ್ವರು ಕೂತರು. ಮತ್ತೆ ಮೊದಲಿಂದ. ಸ್ಕ್ಯಾನ್‌ಡಿಸ್ಕ್ ಪಾಡೂ ಅದೇ. ಅದು ಎಣಿಸೋ ಹೊತ್ತಿಗೆ ಬೇರೆ ಯಾವ ಪ್ರೋಗ್ರಾಂ ಆದರೂ ಡಿಸ್ಕಿನ ಮೇಲೆ ಒಂದಕ್ಷರ ಬರೆದರೆ ಲೆಕ್ಕ ತಪ್ಪಿತು, ಎಣಿಕೆ ಮತ್ತೆ ಶುರು. ಮೀನು ಬಂದರೂ ಹಾಗೇ, ವೈರಸ್ ಕಾವಲು ಎದ್ದರೂ ಹಾಗೇ.

ಹತ್ತು ಸಲ ಹೀಗಾದ ಮೇಲೆ ಪಾಪ, ಅದಕ್ಕೇ ಬೇಜಾರು! 'ನಾನು 10 ಸಲ ಮೊದಲಿಂದ ಶುರು ಮಾಡಿದೆ, ಯಾರೋ ಈ ಡ್ರೈವಿನಲ್ಲಿ ಬರೆಯುತ್ತಲೇ ಇದ್ದಾರೆ, ಕೆಲವು ಪ್ರೋಗ್ರಾಂ ಮುಚ್ಚಿ ನೋಡಿ' ಅನ್ನೋ ಅರ್ಥದ ಚೀಟಿ ತೆರೆ ಮೇಲೆ ಬರುತ್ತಿತ್ತು. ತಮಾಷೆ ಅಲ್ಲ, ನಿಜವಾಗಿ ಹತ್ತು ಅಂತಲೇ ಬರುತ್ತಿತ್ತು!

ಮದ್ದೂ ಅಷ್ಟೇ ಸುಲಭ. ಕಂಟ್ರೋಲ್, ಆಲ್ಟ್, ಡಿಲೀಟ್ ಮೂರೂ ಒತ್ತಿ ಪಟ್ಟಿ ತೆರೆಯೋದು. ಎಕ್ಸ್‌ಪ್ಲೋರರ್, ಸಿಸ್ಟ್ರೇ ಎರಡನ್ನು ಬಿಟ್ಟು ಉಳಿದವರನ್ನೆಲ್ಲ ಮನೆಗೆ ಕಳಿಸೋದು. ಅದೂ ಸಾಲದಿದ್ದರೆ ಆನ್ ಆಗೋವಾಗ ಎಫ್8 ಒತ್ತಿ ಸೇಫ್ ಮೋಡ್. ಪಂಕ್ತಿಯಲ್ಲಿ ಯಾರೂ ಇಲ್ಲ, ಎಣಿಕೆ ನಿರಾಳ!

ಕರೆಂಟ್ ಹೋಗಿದ್ದು ಕಂಬದಲ್ಲಿ, ಬೈಸಿಕೊಂಡಿದ್ದು ನೀವು. ನೆನಪಿದೆಯೇ? ಮತ್ತೆ ಆನ್ ಮಾಡಿದ ಕೂಡಲೇ 'ವಿಂಡೋಸ್ ಸರಿಯಾಗಿ ಮುಚ್ಚಿಲ್ಲ, ಇನ್ನು ಮುಂದೆ ಸ್ಟಾರ್ಟ್ ಮೆನುವಿಗೆ ಹೋಗಿ ಶಟ್‌ಡೌನ್ ಮಾಡಿ' ಅಂತ ಬುದ್ಧಿಮಾತು! ಒಂದು ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗೋ ಊರಲ್ಲಿ ನಾಲ್ಕು ಸಲವೂ ಅದೇ ಬುದ್ಧಿಮಾತು.

ಆದರೆ ಮಷಿನ್‌ಗೆ ಅದು ಗೊತ್ತಾಗೋದು ಹೇಗೆ? ಒಂದೇ ಒಂದು ಬಿಟ್! ಡಿಸ್ಕಿನಲ್ಲಿ 'ಕೊಳೆ ಗುರುತು' ಅನ್ನಬಹುದಾದ ಒಂದು ಬಿಟ್ ಇರುತ್ತದೆ. ಕೆಲಸ ಶುರುವಾದಾಗ ಗುರುತು ಹಾಕೋದು, ಸರಿಯಾಗಿ ಮುಚ್ಚಿದಾಗ ಅಳಿಸೋದು. ಅಳಿಸುವ ಮೊದಲೇ ಕರೆಂಟ್ ಹೋದರೆ ಗುರುತು ಅಲ್ಲೇ ಉಳಿಯಿತು. ವಿಂಡೋಸ್ 98ರ ಲೆಕ್ಕ ಇಷ್ಟು ಸರಳ. 40 ಜಿಬಿ ಡಿಸ್ಕಿನಲ್ಲಿ ಬಿಟ್‌ಗಳು 32,000 ಕೋಟಿ. ಅದರಲ್ಲಿ ಒಂದು ತಿರುಗಿದ್ದಕ್ಕೆ ಇಡೀ ಬೆಳಗು ನೀಲಿ ತೆರೆ!

ಎಕ್ಸ್‌ಪಿ ಕಾಲಕ್ಕೆ ಕರುಣೆ ಬಂತು. ಯಾವುದಾದರೂ ಕೀಲಿ ಒತ್ತಿದರೆ ತಪಾಸಣೆ ಬಿಟ್ಟುಬಿಡುತ್ತೇನೆ ಅಂತ 10 ಸೆಕೆಂಡು ಗಡುವು ಕೊಡುತ್ತದೆ. 10, 9, 8... ನೀವು ಚಹಾ ಲೋಟ ಕೆಳಗಿಡೋ ಹೊತ್ತಿಗೆ ಮುಗಿದೇ ಹೋಯಿತು.

ಇದಕ್ಕಿಂತ ವಿಚಿತ್ರ ಕೇಳಿ. ಸರಿಯಾಗಿ ಶಟ್‌ಡೌನ್ ಮಾಡಿದರೂ ಕೆಲವು ವಿಂಡೋಸ್ 98 ಮಷಿನ್‌ಗಳಲ್ಲಿ ಮರುದಿನ ಸ್ಕ್ಯಾನ್‌ಡಿಸ್ಕ್ ಹಾಜರ್! ಕಾರಣ? ಕಂಪ್ಯೂಟರ್ ವಿಪರೀತ ಚುರುಕಾಗಿತ್ತು! ಡಿಸ್ಕ್ ತನ್ನ ಜೇಬಿನಲ್ಲಿದ್ದ ಕೊನೇ ಅಕ್ಷರಗಳನ್ನು ಬರೆದು ಮುಗಿಸೋ ಮೊದಲೇ ಮಷಿನ್ ತಾನಾಗಿ ಆಫ್ ಆಗಿಬಿಡುತ್ತಿತ್ತು. ಮೈಕ್ರೋಸಾಫ್ಟ್ ಕೊಟ್ಟ ರಿಪೇರಿ ಏನು ಗೊತ್ತೇ? ಆಫ್ ಆಗುವ ಮೊದಲು ಸುಮಾರು 2 ಸೆಕೆಂಡು ಸುಮ್ಮನೆ ನಿಲ್ಲು ಅಂತ ಹೇಳಿದ್ದು. ಅಷ್ಟೇ!

ಹಳೇ ಮಷಿನ್‌ಗೆ ದೊಡ್ಡ ಡಿಸ್ಕ್ ಹಾಕಿದರೆ ಚೆಕ್ ಬೇಗ ಆಗುತ್ತದೆಯೇ? ಆಗೋದೇ ಇಲ್ಲ! ವಿಂಡೋಸ್ 98ರ ಸ್ಕ್ಯಾನ್‌ಡಿಸ್ಕ್ 16 ಬಿಟ್ ಕಾಲದ ಪ್ರೋಗ್ರಾಂ. ಒಂದೇ ಗುಡ್ಡೆಯಾಗಿ ಅದು ಹಿಡಿಯಬಲ್ಲ ಮೆಮೊರಿ 16 ಎಂಬಿಗೆ 64 ಕೆಬಿ ಕಮ್ಮಿ. ಡಿಸ್ಕಿನ ವಿಳಾಸಪಟ್ಟಿ ಅಷ್ಟರೊಳಗೆ ಕೂರಬೇಕು. ಲೆಕ್ಕ ಹಾಕಿದರೆ ಡಿಸ್ಕಿನ ಮಿತಿ 127.53 ಜಿಬಿ. ಅದರಾಚೆಗೆ ಅದರ ಕೈಲಾಗದು. ಕಣಜ ದೊಡ್ಡದಾಯಿತು, ಅಳೆಯೋ ಸೇರು ಒಡೆಯಿತು!

ಅದೇ ಕಾಲದ ಎಫ್‌ಡಿಸ್ಕ್ ಅನ್ನೋ ಸಲಕರಣೆಗೆ 64 ಜಿಬಿ ದಾಟಿದರೆ ಎಣಿಕೆಯೇ ಮರೆತುಹೋಗುತ್ತಿತ್ತು. 80 ಜಿಬಿ ಡಿಸ್ಕ್ ತೋರಿಸಿದರೆ 64 ಕಳೆದು ಉಳಿದದ್ದನ್ನಷ್ಟೇ ಹೇಳುತ್ತಿತ್ತು. ಆ 64 ಎಲ್ಲಿ ಅಂದರೆ ಉತ್ತರವಿಲ್ಲ!

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಎಕ್ಸ್‌ಪಿ ಕಂಪ್ಯೂಟರಿಗೆ ಮುನಿಸು ಬರುತ್ತದೆ! ಡಿಸ್ಕಿನಿಂದ ಬರೋ ಮಾಹಿತಿಯಲ್ಲಿ 6 ಸಲ ತಪ್ಪು ಕಂಡರೆ ಸಾಕು, 'ಇವನಿಗೆ ಇಷ್ಟು ವೇಗ ಆಗದು' ಅಂತ ವಿಂಡೋಸ್ ಒಂದು ಮೆಟ್ಟಿಲು ಇಳಿಸುತ್ತದೆ. ಮತ್ತೆ ತಪ್ಪಿದರೆ ಇನ್ನೊಂದು ಮೆಟ್ಟಿಲು. ಕೊನೆಗೆ ಪಿಐಒ ಅನ್ನೋ ಎತ್ತಿನಗಾಡಿ. ಅಲ್ಲಿಂದ ತಾನಾಗಿ ಮೇಲೆ ಹತ್ತೋದೇ ಇಲ್ಲ. ಆಫ್ ಮಾಡಿ ಆನ್ ಮಾಡಿದರೂ ಮುನಿಸು ಇಳಿಯದು! ಡಿವೈಸ್ ಮ್ಯಾನೇಜರ್‌ಗೆ ಹೋಗಿ ಆ ಡಿಸ್ಕ್ ಕೂತಿರೋ ಐಡಿಇ ಚಾನಲ್ಲನ್ನೇ ಕಿತ್ತುಹಾಕಿ ಮತ್ತೆ ಆನ್ ಮಾಡಬೇಕು. ಆಗ ಹೊಸ ನೆಂಟನೆಂದು ತಿಳಿದು ಹಳೇ ವೇಗಕ್ಕೆ ಬರುತ್ತದೆ.

ವ್ಯತ್ಯಾಸ ಎಷ್ಟು? ಸೆಕೆಂಡಿಗೆ 40 ಎಂಬಿ ಓದೋ ಡಿಸ್ಕಾದರೆ 40 ಜಿಬಿ ಓದಿ ಮುಗಿಸಲು ಸುಮಾರು 17 ನಿಮಿಷ. ಎತ್ತಿನಗಾಡಿಯಲ್ಲಿ ಸೆಕೆಂಡಿಗೆ 4 ಎಂಬಿ ಅಂದರೂ ಎರಡೂ ಮುಕ್ಕಾಲು ಗಂಟೆ! ಡಿಸ್ಕ್ ಅದೇ, ಮಷಿನ್ ಅದೇ.

ಆ ಆರು ತಪ್ಪು ಬಂದಿದ್ದೆಲ್ಲಿಂದ? ಎಷ್ಟೋ ಸಲ ಬೂದು ಬಣ್ಣದ ಪಟ್ಟಿ ಕೇಬಲ್ಲಿನಿಂದ. ಅದರ ಬಾಯಲ್ಲಿ ತೂತು 40, ಆದರೆ ಒಳ್ಳೇ ಕೇಬಲ್ಲಿನಲ್ಲಿ ತಂತಿ 80! ಉಳಿದ 40 ತಂತಿ ಏನು ಹೊರುತ್ತವೆ? ಏನೂ ಇಲ್ಲ! ಎರಡು ಸುದ್ದಿತಂತಿಗಳ ನಡುವೆ ಒಂದೊಂದು ಬಡಪಾಯಿ ಅರ್ಥ್ ತಂತಿ. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದಂತೆ ನಡುವೆ ಕೂರಿಸಿದ ಹಿರಿಯರ ಹಾಗೆ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತೇವಲ್ಲ, ಅದು ಇಲ್ಲೂ ನಡೆದಿದೆ! ಚೆಕ್‌ಡಿಸ್ಕ್ ಹಿರಿಯಳು. 1980ರಲ್ಲಿ ಟಿಮ್ ಪ್ಯಾಟರ್ಸನ್ ತನ್ನ 86-ಡಾಸ್‌ಗೆಂದು ಬರೆದದ್ದು. 1993ರ ಎಂಎಸ್-ಡಾಸ್ 6.2ರ ಜೊತೆ ಸ್ಕ್ಯಾನ್‌ಡಿಸ್ಕ್ ಮನೆತುಂಬಿದಳು. ಆಮೇಲೆ ಯಾರಾದರೂ ಚೆಕ್‌ಡಿಸ್ಕ್ ಕರೆದರೆ ಅವಳೇ 'ನನ್ನ ಬದಲು ಸ್ಕ್ಯಾನ್‌ಡಿಸ್ಕ್ ಓಡಿಸಿ, ಅವಳು ಹೆಚ್ಚು ತಪ್ಪು ಹಿಡಿಯುತ್ತಾಳೆ' ಅನ್ನೋ ಸಾಲು ತೋರಿಸುತ್ತಿದ್ದಳು. ಎಂಥ ಅತ್ತೆ! ಮುಂದೆ ಎಕ್ಸ್‌ಪಿ ಬಂದಾಗ ಸೊಸೆ ಮಾಯ, ಅತ್ತೆ ಮತ್ತೆ ಪಟ್ಟಕ್ಕೆ. ಇವತ್ತಿಗೂ ವಿಂಡೋಸ್‌ನಲ್ಲಿ ಆಳುತ್ತಿರೋದು ಅದೇ ಹಳೇ ಹೆಸರು!

ನಮ್ಮ ಕಾಕಾ ಅವರ ಲಗ್ನಪತ್ರಿಕೆ ಏನಾಯಿತು ಅಂತೀರಾ? ಹುಡುಗ ಮ್ಯಾಟರ್ ಟೈಪ್ ಮಾಡಿ ಡಿ ಡ್ರೈವಿನಲ್ಲಿಟ್ಟಿದ್ದ. ಆ ಡ್ರೈವ್ ಇನ್ನೂ ಕಡತ ಜೋಡಿಸಿಡೋ ಹಳೇ ಪದ್ಧತಿಯಾದ ಫ್ಯಾಟ್32ರಲ್ಲೇ ಇತ್ತು. ಅಲ್ಲಿ ಒಂದು ಕಡತದ ತುಂಡುಗಳು ಒಂದರ ಬಾಲ ಒಂದು ಹಿಡಿದುಕೊಂಡು ನಿಂತಿರುತ್ತವೆ, ಮಕ್ಕಳ ರೈಲಾಟದ ಹಾಗೆ. ಹೆಸರಿನ ಕೊಂಡಿ ಕಳಚಿದರೆ ಬೋಗಿಗಳು ಉಳಿಯುತ್ತವೆ, ಎಂಜಿನ್ ಇರೋದಿಲ್ಲ. ಇಂಥ ಅನಾಥ ಬೋಗಿಗಳನ್ನು ಚೆಕ್‌ಡಿಸ್ಕ್ ಎಸೆಯೋದಿಲ್ಲ! ಒಟ್ಟುಗೂಡಿಸಿ ಫೈಲ್0000, ಫೈಲ್0001 ಅಂತ ನಂಬರ್ ಹಾಕಿ, ಬಾಲಕ್ಕೆ ಸಿಎಚ್‌ಕೆ ಅಂತ ಅಂಟಿಸಿ, ಫೌಂಡ್.000 ಅನ್ನೋ ಫೋಲ್ಡರಿನಲ್ಲಿ ಇಡುತ್ತದೆ. ಆ ಫೋಲ್ಡರ್ ಅಡಗಿರುತ್ತದೆ, ಅದೇ ತೊಂದರೆ.

ಅಂಥದೊಂದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಕಾಣೋದೇನು? ಕನ್ನಡವಲ್ಲ! ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರ, ನಡುವೆ ಟೊಪ್ಪಿ ಹಾಕಿದ ಫ್ರೆಂಚ್ ಅಕ್ಷರ. ಹೋಯಿತು, ಹಾಳಾಯಿತು ಅಂತ ಅಳಿಸಬೇಡಿ! ಹಳೇ ನುಡಿ ತಂತ್ರಾಂಶದ ಕನ್ನಡ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಮನೆ ಮಾಡಿಕೊಂಡಿತ್ತು. ಫಾಂಟ್ ಪಟ್ಟಿಯಲ್ಲಿ ನುಡಿ ಫಾಂಟ್ ಆರಿಸಿದ್ದೇ ತಡ, ಗೊಂದಲವೆಲ್ಲ ಕರಗಿ ಮುಹೂರ್ತ, ಮಂಟಪ, ಬೀಗರ ಹೆಸರು ಸಾಲಾಗಿ ಎದ್ದು ನಿಂತವು. ಅಂಗಡಿಯಲ್ಲಿ ಇದನ್ನು ಕಣ್ಣಾರೆ ಕಂಡೆ. ಮೊದಲ ಮೂರು ಸಾಲು ಮಾತ್ರ ಇರಲಿಲ್ಲ!

ವಿಂಡೋಸ್ 7ರಲ್ಲಿ ಬೇರೆ ಕಥೆ. ಪೂರ್ತಿ ತಪಾಸಣೆಗೆ ಇಳಿದ ಚೆಕ್‌ಡಿಸ್ಕ್ ಮಷಿನ್‌ನ ಮೆಮೊರಿಯನ್ನೆಲ್ಲ ಬಾಚಿಕೊಳ್ಳುತ್ತಿತ್ತು. 2009ರಲ್ಲಿ ದೊಡ್ಡ ಗದ್ದಲ. ಆಗ ವಿಂಡೋಸ್ ವಿಭಾಗದ ಮುಖ್ಯಸ್ಥರಾಗಿದ್ದ ಸ್ಟೀವನ್ ಸಿನೋಫ್ಸ್ಕಿ ಕೊಟ್ಟ ಉತ್ತರ: ತಪ್ಪಲ್ಲ, ಬೇಗ ಮುಗಿಯಲಿ ಅಂತ ಬೇಕೆಂದೇ ಹಾಗೆ ಮಾಡಿದ್ದು! ಮೆಮೊರಿ ಕಮ್ಮಿ ಇರೋ ಹಳೇ ಮಷಿನ್‌ನವರು ಆಗ ಮೌಸ್ ಸರಿಸಲೂ ಕಾಯಬೇಕಿತ್ತು, ಅದು ಬೇರೆ ಮಾತು.

ಇನ್ನೊಂದು ಗೊತ್ತೇ? ವಿಂಡೋಸ್ 8 ಬರೋ ತನಕ ಬಾಡ್ ಸೆಕ್ಟರ್ ಹುಡುಕದ ಸಾದಾ ಚೆಕ್ ಎಷ್ಟು ಹೊತ್ತು ಅನ್ನೋದು ಡಿಸ್ಕಿನ ಗಾತ್ರದ ಮೇಲಲ್ಲ, ಕಡತಗಳ ಸಂಖ್ಯೆಯ ಮೇಲೆ ನಿಂತಿತ್ತು! ನಾಲ್ಕು ದೊಡ್ಡ ಸಿನಿಮಾ ತುಂಬಿದ ಡಿಸ್ಕ್ ಬೇಗ, ಚೂರುಪಾರು ಕಡತ ತುಂಬಿದ ಡಿಸ್ಕ್ ನಿಧಾನ. 2012ರಲ್ಲಿ ಲೆಕ್ಕವೇ ಬದಲು. ತಪ್ಪು ಎಷ್ಟಿವೆಯೋ ಅಷ್ಟೇ ಹೊತ್ತು. ಈ ಬದಲಾವಣೆಯನ್ನು ಜಗತ್ತಿಗೆ ವಿವರಿಸಿ ಬರೆದ ಮೈಕ್ರೋಸಾಫ್ಟ್ ಉದ್ಯೋಗಿಯ ಹೆಸರು ಕೇಳಿ: ಕಿರಣ್ ಬ್ಯಾಂಗಲೋರ್! ಗಂಗೂಬಾಯಿ ಹಾನಗಲ್ ಅವರ ಸೀಮೆಯವರಾದ ನಮಗೆ ಊರೇ ಅಡ್ಡಹೆಸರಾಗೋದು ಹೊಸದಲ್ಲ. ಆದರೂ ಚೆಕ್‌ಡಿಸ್ಕ್ ಕಥೆಯಲ್ಲಿ ಬೆಂಗಳೂರು ಎದುರಾದಾಗ ಕಣ್ಣರಳದೇ ಇರುತ್ತದೆಯೇ!

ಒಂದೇ ಒಂದು ಸಾಲು ಟೈಪ್ ಮಾಡಿದರೆ ಗಟ್ಟಿಮುಟ್ಟಾದ ವಿಂಡೋಸ್ 10 ಕೂಡ 'ನನ್ನ ಡಿಸ್ಕ್ ಕೆಟ್ಟಿದೆ, ಚೆಕ್ ಮಾಡಿ' ಅಂತ ಗೋಳಾಡುತ್ತಿತ್ತು. 2021ರ ಜನವರಿಯಲ್ಲಿ ಬಯಲಾಯಿತು, ಏಪ್ರಿಲ್‌ನಲ್ಲಿ ತೇಪೆ ಬಂತು. ಆ ಸಾಲು ಯಾವುದು ಅಂತ ಕೇಳಬೇಡಿ, ಹೇಳೋದಿಲ್ಲ!

ಗಡಿಯಾಚೆ ಕಾಸರಗೋಡಿಗೆ ಹೋಗಿ. ಅಲ್ಲಿನ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ ಕಂಪ್ಯೂಟರುಗಳಲ್ಲಿ ಚೆಕ್‌ಡಿಸ್ಕ್ ಸುಳಿಯೋದಿಲ್ಲ! ಕೇರಳದ ಶಾಲೆಗಳಿಗೆ ಕೈಟ್ ಸಂಸ್ಥೆ ಕೊಡೋದು ಲಿನಕ್ಸ್. ಹಳೇ ಲಿನಕ್ಸಿಗೂ ಒಂದು ಚಾಳಿ ಇತ್ತು. ಡಿಸ್ಕ್ ನೆಟ್ಟಗಿದ್ದರೂ ಸುಮಾರು 30 ಸಲ ಆನ್ ಆದ ಮೇಲೆ, ಇಲ್ಲವೇ 180 ದಿನ ಕಳೆದ ಮೇಲೆ, ಕೇಳದೇ ತಪಾಸಣೆಗೆ ಕೂರುತ್ತಿತ್ತು. ಒಂದೇ ಮಷಿನ್‌ನ ಎಲ್ಲ ಡಿಸ್ಕುಗಳೂ ಒಂದೇ ದಿನ ಕೂರಬಾರದಲ್ಲ? ಅದಕ್ಕೆ ಆ ಸಂಖ್ಯೆಯನ್ನು ಒಂದೊಂದಕ್ಕೆ ಒಂದೊಂದು ಥರ ಇಡುತ್ತಿದ್ದರು. ಪರೀಕ್ಷಾ ಪಾಳಿ ಹಂಚಿದ ಹಾಗೆ!

ಡಿಸ್ಕ್ ಒಳಗಿನ ತಟ್ಟೆ ಎಷ್ಟು ವೇಗ ಗೊತ್ತೇ? ಎಷ್ಟೋ ಹಳೇ ಡಿಸ್ಕುಗಳಲ್ಲಿ ನಿಮಿಷಕ್ಕೆ 5400 ಸುತ್ತು. ಅಂಚಿನ ವೇಗ ಲೆಕ್ಕ ಹಾಕಿದೆ, ಗಂಟೆಗೆ 97 ಕಿಲೋಮೀಟರ್ ಹತ್ತಿರ! ಶಿಗ್ಗಾವಿ ದಾಟಿ ಹಾವೇರಿ ಕಡೆ ಹೈವೇ ಮೇಲೆ ಬರೋ ಬಸ್ಸನ್ನೂ ಹಿಂದೆ ಹಾಕೋ ವೇಗ, ಅಂಗೈಯಗಲದ ಡಬ್ಬಿಯೊಳಗೆ. ಆ ಡಬ್ಬಿ ಪೂರ್ತಿ ಮುಚ್ಚಿರುತ್ತದೆ ಅಂದುಕೊಂಡಿದ್ದೀರಾ? ಇಲ್ಲ! ಉಸಿರಾಡಲು ಒಂದು ಸಣ್ಣ ತೂತಿದೆ, ಪಕ್ಕದಲ್ಲೇ 'ಈ ತೂತು ಮುಚ್ಚಬೇಡಿ' ಅಂತ ಬರೆದಿರುತ್ತದೆ. ಆ ತೂತಿನ ಮೇಲೇ ಬೆಲೆಚೀಟಿ ಅಂಟಿಸಿದ ಡಿಸ್ಕ್ ನಾನು ನೋಡಿದ್ದೇನೆ.

ಇವೆಲ್ಲದರ ಮುತ್ತಜ್ಜ 1956ರ ಐಬಿಎಂ ರಾಮ್ಯಾಕ್. ತಲಾ 24 ಇಂಚಿನ 50 ತಟ್ಟೆ. ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. ಇವತ್ತು ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಅದರಲ್ಲಿ ಕೂತರೆ ಪುಣ್ಯ!

ಚಿಕ್ಕೇರೂರಿನ ಆ ಚೆಕ್ ಕೊನೆಗೂ ಮುಗಿಯಿತು, ರಾತ್ರಿ. ನಡುವೆ ಕರೆಂಟ್ ಹೋಗಿ ಎರಡು ಸಲ ಮೊದಲಿಂದ. ಮುಗಿದಾಗ ಫಲಿತಾಂಶ ತೆರೆ ಮೇಲೆ ಮಿಂಚಿ ಮಾಯ. ನೋಡಲು ಅಂಗಡಿಯಲ್ಲಿ ಯಾರೂ ಇರಲಿಲ್ಲ! ಹಾಗಂತ ಕಳೆದುಹೋಗೋದಿಲ್ಲ. ಎಕ್ಸ್‌ಪಿ ಅದನ್ನು ಇವೆಂಟ್ ವ್ಯೂವರ್‌ನಲ್ಲಿ ಬರೆದಿಡುತ್ತದೆ. ಯಾವ ಹೆಸರಿನ ಕೆಳಗೆ? ಡಿಸ್ಕ್ ಅಂತಲ್ಲ, ಚೆಕ್ ಅಂತಲೂ ಅಲ್ಲ. ವಿನ್‌ಲಾಗನ್ ಅಂತ! ಕಡಲೆ ಡಬ್ಬಿಯಲ್ಲಿ ಸಾಸಿವೆ ಇಟ್ಟ ಅಡುಗೆಮನೆ.

ಮರುದಿನ ಹುಡುಗ ತೆರೆದು ಕೊನೇ ಸಾಲುಗಳನ್ನು ಓದಿದ. ಬಾಡ್ ಸೆಕ್ಟರ್: 0 ಕೆಬಿ. ಡಿಸ್ಕಿಗೆ ಏನೂ ಆಗಿರಲಿಲ್ಲ! ಡಿವೈಸ್ ಮ್ಯಾನೇಜರ್‌ನಲ್ಲಿ ನೋಡಿದರೆ ಪಿಐಒ, ಅದೇ ಎತ್ತಿನಗಾಡಿ. ಮುಚ್ಚಳ ಬಿಚ್ಚಿದರೆ ಬೂದು ಕೇಬಲ್ಲಿನ ಒಂದು ಅಂಚು ಇಲಿ ಕಡಿದಿತ್ತು. ಬೇರೆ ಕೇಬಲ್ ಸಿಕ್ಕಿಸಿ, ಚಾನಲ್ ಕಿತ್ತು ಹಾಕಿ, ಮತ್ತೆ ಎರಡೂ ಚೌಕಕ್ಕೆ ಟಿಕ್. ಕಾಕಾ ಕಳೆದುಹೋದ ಮೂರು ಸಾಲು ಬಾಯಲ್ಲೇ ಹೇಳಿ ಎದುರಿನ ಹೋಟೆಲಿಗೆ ಹೋದರು. ಎರಡನೇ ಚಹಾ ಮುಗಿಯೋ ಮೊದಲೇ ಹುಡುಗ ಕೂಗಿದ: "ಕಾಕಾ, ಮುಗೀತ್ರಿ!"